ಮುಪ್ಪು ಯಾರ ಮನೆಯ ಸೊತ್ತು?

ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಿಂತ ಮುದುಕಿಯನ್ನು ಗುಮಾಸ್ತ ಕೇಳುತ್ತಾನೆ: ‘ವಯಸ್ಸೆಷ್ಟಮ್ಮ?’ ಆಕೆ ಅನ್ನುತ್ತಾಳೆ: ‘ನಂಗೇನು ಗೊತ್ತಪ್ಪ, ನೀನೇ ನೋಡಿ ಬರ್ಕೋ.’ ಅವನು ನೋಡುತ್ತಾನೆ. ತಲೆ ಬೆಳ್ಳಗಾಗಿದೆ, ಹಲ್ಲು ಉದುರಿವೆ, ಬೆನ್ನು ಬಾಗಿದೆ. ಆದರೆ ನಮ್ಮ ಕೇರಿಗಳಲ್ಲಿ ನಲವತ್ತೈದಕ್ಕೇ ತಲೆ ಬೆಳ್ಳಗಾಗುತ್ತದೆ, ಬೆನ್ನು ಬಾಗುತ್ತದೆ. ಇದು ಅವನಿಗೂ ಗೊತ್ತು. ಅದಕ್ಕೇ ದಾಖಲೆ ಕೇಳುತ್ತಾನೆ. ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನಿಂದ ಹಾಕಿದ ಜನವರಿ 1 ಇರುತ್ತದೆ. ಅವಳ ಮಗನ ಶಾಲೆಯ ದಾಖಲಾತಿಯಲ್ಲಿ ಮೇಷ್ಟ್ರು ಬರೆದ ಜೂನ್ 1 ಇರುತ್ತದೆ. ತಾಯಿ ಮಗನ ವಯಸ್ಸು ಒಂದಕ್ಕೊಂದು ತಾಳೆ ಬೀಳುವುದಿಲ್ಲ. ‘ಮುಂದಿನ ವಾರ ಬಾ’ ಅನ್ನುತ್ತಾನೆ.

ಅದೇ ಊರಿನ ಇನ್ನೊಂದು ಬೀದಿಯಲ್ಲಿ ಹುಟ್ಟಿದ ಗಳಿಗೆ, ನಕ್ಷತ್ರ, ಪಾದ ಸಮೇತ ಬರೆದಿಟ್ಟ ಜಾತಕವಿದೆ. ಅಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿ, ಎಂಬತ್ತು ದಾಟಿದರೆ ಸಹಸ್ರಚಂದ್ರ ದರ್ಶನ. ಕಾಲಿಗೆ ಬಿದ್ದವರಿಗೆಲ್ಲ ‘ನೂರು ಕಾಲ ಬಾಳು’ ಎಂಬ ಹಾರೈಕೆ. ನಾವು ಈ ಹಾರೈಕೆಯನ್ನು ಲೇವಡಿ ಮಾಡುತ್ತಿಲ್ಲ. ನೂರು ಕಾಲ ಬಾಳುವುದು ಒಳ್ಳೆಯದೇ. ಆದರೆ ಈ ನೂರು ಯಾರ ಲೆಕ್ಕದ ನೂರು ಎಂದು ಕೇಳುವುದು ನಮ್ಮ ಹಕ್ಕು.

ಸಾಹಿತ್ಯದ ಪತ್ರಿಕೆಯಲ್ಲಿ ವೃದ್ಧಾಪ್ಯ ವೇತನದ ಮಾತು ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಸಾವು, ಮುಪ್ಪು, ಬದುಕಿನ ನಶ್ವರತೆ ಎಂಬ ಮಾತುಗಳನ್ನು ನಮ್ಮ ವಿಮರ್ಶಕರು ಬಹಳ ಕಾಲದಿಂದ ದೊಡ್ಡ ಸಾಹಿತ್ಯದ ಲಕ್ಷಣವೆಂದು ಹೇಳಿಕೊಂಡು ಬಂದಿದ್ದಾರೆ. ಕೂಲಿ, ಜೀತ, ನೀರು ಇವೆಲ್ಲ ‘ಸಾಮಾಜಿಕ ಸಮಸ್ಯೆ’ಗಳಂತೆ, ಸಾವು ಮಾತ್ರ ‘ಮನುಷ್ಯಸ್ಥಿತಿ’ಯಂತೆ. ಸಮಸ್ಯೆಯನ್ನು ಬರೆದವನು ಪ್ರಚಾರಕ, ಸ್ಥಿತಿಯನ್ನು ಬರೆದವನು ಕಲಾವಿದ. ನವ್ಯದ ಕಾಲದಲ್ಲಿ ಕಾಲೇಜು ಕಟ್ಟೆ ಹತ್ತಿದ ನಮ್ಮ ಹುಡುಗರಿಗೆ ಕಲಿಸಿದ್ದು ಇದನ್ನೇ. ‘ಸಾವಿಗೆ ಜಾತಿಯಿಲ್ಲ, ವರ್ಗವಿಲ್ಲ’ ಅನ್ನುವ ಮಾತನ್ನು ಇವತ್ತಿಗೂ ತರಗತಿಗಳಲ್ಲಿ ಕೇಳುತ್ತೇವೆ. ಈ ಮಾತನ್ನ ಊರಿನ ಸ್ಮಶಾನದ ಬೇಲಿ ಪಕ್ಕ ನಿಂತು ಹೇಳಲಿ ನೋಡೋಣ. ಯಾರ ಹೆಣ ಯಾವ ದಾರಿಯಲ್ಲಿ ಹೋಗಬೇಕು, ಯಾರ ಗುಂಡಿ ಎಲ್ಲಿ ತೋಡಬೇಕು ಎಂಬುದು ಇತ್ಯರ್ಥವಾಗದೆ ಹೆಣ ಬೀದಿಯಲ್ಲಿಟ್ಟುಕೊಂಡು ಕೂತ ಕೇರಿಗಳನ್ನು ನಾವು ಕಂಡಿದ್ದೇವೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಸಾವಿನ ಬಗ್ಗೆ ಕನ್ನಡದಲ್ಲಿ ಬಂದ ಕಾದಂಬರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಅವನು ಬ್ರಾಹ್ಮಣ್ಯ ಬಿಟ್ಟವನು, ಆದರೆ ಬ್ರಾಹ್ಮಣ್ಯ ಅವನನ್ನು ಬಿಟ್ಟಿಲ್ಲ. ಅವನ ಹೆಣ ಸುಡುವವರು ಯಾರು? ಈ ಒಂದು ಪ್ರಶ್ನೆಯ ಸುತ್ತ ಇಡೀ ಅಗ್ರಹಾರ ಉಪವಾಸ ಕೂರುತ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಡಕುತ್ತಾರೆ, ಮಾರುತಿಯ ಅಪ್ಪಣೆಗೆ ಕಾಯುತ್ತಾರೆ. ಹೆಣ ಕೊಳೆಯುತ್ತದೆ. ಕೊನೆಗೆ ಚಂದ್ರಿ ಒಬ್ಬ ಮುಸ್ಲಿಮನ ನೆರವಿನಿಂದ ರಾತ್ರೋರಾತ್ರಿ ಅದನ್ನು ಸುಡಿಸುತ್ತಾಳೆ.

ಅದೇ ಕಾದಂಬರಿಯಲ್ಲಿ, ಅದೇ ಪ್ಲೇಗಿನಲ್ಲಿ, ಹೊಲಗೇರಿಯಲ್ಲೂ ಜನ ಸಾಯುತ್ತಾರೆ. ಅವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಮುಗಿಯಿತು. ಅವರಿಗೆ ಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಯಿಲ್ಲ, ಅವರ ವಯಸ್ಸೆಷ್ಟು ಎಂಬುದೂ ಇಲ್ಲ. ಇಲ್ಲಿ ನಾವು ಲೇಖಕನ ಮೇಲೆ ಹರಿಹಾಯುತ್ತಿಲ್ಲ. ಆ ಬೆಂಕಿಯನ್ನು ಆತ ಕಂಡಿದ್ದಾರೆ, ಕಂಡದ್ದರಿಂದಲೇ ಅದು ಪುಟದ ಮೇಲಿದೆ. ಆದರೆ ತರಗತಿಯಲ್ಲಿ ನಾವು ಈ ಕಾದಂಬರಿ ಓದಿದಾಗ ವಾರಗಟ್ಟಲೆ ಕೇಳಿದ್ದು ಆಚಾರ್ಯರ ಆಂತರಿಕ ತುಮುಲವನ್ನು, ಅಸ್ತಿತ್ವದ ಬಿಕ್ಕಟ್ಟನ್ನು. ಸುಟ್ಟ ಗುಡಿಸಲ ಬಗ್ಗೆ ಒಂದು ತರಗತಿಯೂ ನಡೆಯಲಿಲ್ಲ. ಕಾದಂಬರಿಯ ಕಣ್ಣಿಗೆ ಬಿದ್ದದ್ದು ವಿಮರ್ಶೆಯ ಕಣ್ಣಿಗೆ ಬೀಳಲಿಲ್ಲ. ಒಂದು ಹೆಣಕ್ಕೆ ಇಡೀ ಪುಸ್ತಕ, ಮಿಕ್ಕ ಹೆಣಗಳಿಗೆ ನಾಲ್ಕಾರು ಸಾಲು. ಇದನ್ನು ‘ಸಾರ್ವತ್ರಿಕ ಸಾವು’ ಅಂತ ಓದಿಸಿದರು.

ಅದಕ್ಕೂ ಮೂವತ್ತು ವರ್ಷ ಹಿಂದೆ, 1933ರಲ್ಲಿ, ಕಾರಂತರು ‘ಚೋಮನ ದುಡಿ’ ಬರೆದರು. ಚೋಮ ಮುದುಕ. ಅವನ ಆಸೆ ಒಂದೇ: ಸಾಯುವ ಮುಂಚೆ ತುಂಡು ನೆಲದಲ್ಲಿ ತಾನೇ ಆರು ಕಟ್ಟಬೇಕು. ಹೊಲೆಯ ಬೇಸಾಯ ಮಾಡುವುದು ಊರಿಗೆ ಸಲ್ಲದು. ಸಾಲಕ್ಕಾಗಿ ಮಕ್ಕಳು ತೋಟಕ್ಕೆ ದುಡಿಯಲು ಹೋಗುತ್ತಾರೆ. ಒಬ್ಬ ಮಗ ಕಾಯಿಲೆಯಲ್ಲಿ ಸಾಯುತ್ತಾನೆ. ಇನ್ನೊಬ್ಬ ನೀರಿನಲ್ಲಿ ಮುಳುಗುತ್ತಾನೆ, ಹೊಲೆಯನೆಂಬ ಕಾರಣಕ್ಕೆ ಅವನನ್ನು ಎತ್ತುವ ಕೈಗಳಿಲ್ಲ. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಬಡಿಯುತ್ತ ಸಾಯುತ್ತಾನೆ. ಆ ಕೊನೆಯನ್ನು ದುರಂತದ ಶಿಖರವೆಂದು ಹೊಗಳಿದವರುಂಟು. ನಮಗೆ ಕಾಣುವುದು ಬೇರೆ. ಮಕ್ಕಳನ್ನು ಕಳಕೊಂಡು ತಾನು ಉಳಿದವನ ಮುಪ್ಪು ಅದು. ನಮ್ಮ ಕೇರಿಗಳಲ್ಲಿ ಮುಪ್ಪು ಅಂದರೆ ಬಹಳ ಸಲ ಇದೇ. ಅಪ್ಪನಿಗೆ ಮಗ ಮಣ್ಣು ಹಾಕಬೇಕಾದಲ್ಲಿ ಮಗನಿಗೆ ಅಪ್ಪ ಹಾಕುವುದು. ಇಲ್ಲಿ ಮುದುಕ ತತ್ವಜ್ಞಾನಿಯಾಗುವುದಿಲ್ಲ, ಮಾತು ಕಳಕೊಳ್ಳುತ್ತಾನೆ. ಚೋಮನಿಗೆ ದುಡಿಯಾದರೂ ಇತ್ತು.

ಅದೇ ಕಾರಂತರಿಗೆ 1977ರ ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ (1968) ಒಬ್ಬ ಮುದುಕಿಯದೇ ಕಥೆ. ಬಾಲ್ಯದಲ್ಲೇ ಗಂಡನನ್ನು ಕಳಕೊಂಡ, ಎಂಬತ್ತರ ಆಸುಪಾಸಿನ ಬ್ರಾಹ್ಮಣ ವಿಧವೆ. ಕೈಗೆ ಒಂದು ಹಳೆಯ ವಸ್ತು ಕೊಟ್ಟರೆ ಸಾವಿರಾರು ವರ್ಷ ಹಿಂದಿನದು ಅವಳ ಕಣ್ಣಿಗೆ ಕಟ್ಟುತ್ತದೆ. ದೇವರು, ಮಡಿ, ಸನ್ಯಾಸ ಎಲ್ಲವನ್ನೂ ನಿರ್ಭಿಡೆಯಿಂದ ಜಾಲಿಸುತ್ತಾಳೆ. ತಲೆ ಬೋಳಿಸಿ ಮೂಲೆಗೆ ತಳ್ಳಿದ ಹೆಣ್ಣಿಗೆ ಇಷ್ಟು ದೊಡ್ಡ ಬುದ್ಧಿಯನ್ನು ಕೊಟ್ಟದ್ದು ಸಣ್ಣ ಕೆಲಸವಲ್ಲ. ಅದನ್ನು ನಾವು ಗೌರವದಿಂದಲೇ ಒಪ್ಪುತ್ತೇವೆ.

ಆದರೆ ಅವಳ ಪಕ್ಕದಲ್ಲಿ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ತಂದು ಕೂರಿಸಿ ನೋಡಿ. ಸಾಕವ್ವನೂ ಮುದುಕಿಯೇ. ಅವಳಿಗೆ ಇತಿಹಾಸದ ಕನಸು ಬೀಳುವುದಿಲ್ಲ, ಅವಳ ಹುಂಜ ಕಳೆದುಹೋಗಿದೆ. ಕೇರಿಯನ್ನೆಲ್ಲ ಬೈದುಕೊಂಡು ಹುಂಜ ಹುಡುಕುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಬೆಂಕಿಯ ಸುತ್ತ ಕೂತು ರಾತ್ರಿಯೆಲ್ಲ ತಿಂದು ಮುಗಿಸುತ್ತದೆ. ಬೆಳಗಾದರೆ ಪೊಲೀಸರು. ಈ ಮುದುಕಿಗೆ ನಶ್ವರತೆಯ ಬಗ್ಗೆ ಯೋಚಿಸಲು ಪುರಸೊತ್ತಿಲ್ಲ. ಮೂಕಜ್ಜಿ ಕೂತಿದ್ದಾಳೆ, ಅವಳಿಗೆ ಮೊಮ್ಮಗನ ಮನೆಯಲ್ಲಿ ಊಟ ಬರುತ್ತದೆ. ಸಾಕವ್ವ ಓಡಾಡುತ್ತಿದ್ದಾಳೆ, ಅವಳು ನಿಂತರೆ ಮನೆ ನಿಲ್ಲುತ್ತದೆ. ಮುಪ್ಪು ಜ್ಞಾನ ಕೊಡುತ್ತದೆ ಅನ್ನುವವರು ಈ ಇಬ್ಬರನ್ನೂ ಓದಬೇಕು. ಜ್ಞಾನ ಸಾಕವ್ವನಿಗೂ ಇದೆ. ಅದು ಹೊಟ್ಟೆಯ ಪಕ್ಕದಲ್ಲೇ ಇರುವ ಜ್ಞಾನವಾದ್ದರಿಂದ ನಮ್ಮ ಪಂಡಿತರು ಅದಕ್ಕೆ ‘ದರ್ಶನ’ ಎಂಬ ಹೆಸರು ಕೊಡುವುದಿಲ್ಲ.

ಇನ್ನು ಪುಸ್ತಕದಿಂದ ಹೊರಗೆ ಬರೋಣ. 1891ನೇ ಇಸವಿಯಲ್ಲಿ ಎರಡು ಮಕ್ಕಳು ಹುಟ್ಟಿದವು. ಏಪ್ರಿಲ್ 14ರಂದು ಅಂಬೇಡ್ಕರ್, ಜೂನ್ 6ರಂದು ಮಾಸ್ತಿ. ಮಾಸ್ತಿಯವರು 1986ರ ಜೂನ್ 6ರಂದು, ಸರಿಯಾಗಿ ತೊಂಬತ್ತೈದು ತುಂಬಿದ ದಿನ, ತೀರಿಕೊಂಡರು. ಅಂಬೇಡ್ಕರ್ 1956ರ ಡಿಸೆಂಬರ್ 6ರಂದು, ಅರವತ್ತೈದಕ್ಕೆ. ಮೂವತ್ತು ವರ್ಷದ ಅಂತರ. ಇಬ್ಬರು ವ್ಯಕ್ತಿಗಳ ಆಯಸ್ಸನ್ನು ತಕ್ಕಡಿಗೆ ಹಾಕಿ ತೀರ್ಪು ಕೊಡುವುದು ಮೂರ್ಖತನ. ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು, ಇನ್ನೊಬ್ಬರಿಗೆ ಗಟ್ಟಿ ಶರೀರವಿತ್ತು ಎಂದು ಸುಮ್ಮನಾಗಬಹುದು. ಹಾಗಾದರೆ ಲಕ್ಷಾಂತರ ಜನರ ಲೆಕ್ಕ ನೋಡೋಣ.

2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಒಂದು ವರದಿ ತಂದಿತು. ಭಾರತದಲ್ಲಿ ದಲಿತ ಹೆಂಗಸು ಮೇಲ್ಜಾತಿಯ ಹೆಂಗಸಿಗಿಂತ ಸರಾಸರಿ 14.6 ವರ್ಷ ಮುಂಚೆ ಸಾಯುತ್ತಾಳೆ ಎಂದು ಅದರಲ್ಲಿದೆ. 2022ರಲ್ಲಿ ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶೀಶ್ ಗುಪ್ತಾ ಎಂಬ ಸಂಶೋಧಕರು ಒಂಬತ್ತು ರಾಜ್ಯಗಳ ಸರ್ಕಾರಿ ಸಮೀಕ್ಷೆಯನ್ನೇ ಹಿಡಿದು ಲೆಕ್ಕ ಹಾಕಿದರು. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಜೀವಿತಾವಧಿ ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದ್ದು ಮೂರು ವರ್ಷಕ್ಕೂ ಹೆಚ್ಚು ಕಡಿಮೆ, ಮುಸ್ಲಿಮರದ್ದು ಸುಮಾರು ಒಂದು ವರ್ಷ ಕಡಿಮೆ. ಲೆಕ್ಕದ ರೀತಿ ಬೇರೆಯಾದ್ದರಿಂದ ಈ ಎರಡು ಅಂಕಿಗಳು ಬೇರೆ ಬೇರೆ. ಆದರೆ ತಕ್ಕಡಿ ವಾಲಿರುವ ಕಡೆ ಒಂದೇ. ಇನ್ನೊಂದು ಮಾತನ್ನು ಕಾರ್ಯಕರ್ತರು ಗಮನಿಸಬೇಕು. ಬಡತನ ಒಂದರಿಂದಲೇ ಈ ಅಂತರ ಬಂತೆಂದು ಹೇಳಲಾಗುವುದಿಲ್ಲ, ಆಸ್ತಿ-ಆದಾಯದ ವ್ಯತ್ಯಾಸ ವಿವರಿಸುವುದು ಅದರ ಅರ್ಧಕ್ಕೂ ಕಡಿಮೆ ಭಾಗವನ್ನು. ಉಳಿದದ್ದು ಏನು? ‘ವರ್ಗ ಹೋದರೆ ಜಾತಿ ತಾನಾಗಿ ಹೋಗುತ್ತದೆ’ ಎನ್ನುವ ನಮ್ಮ ಗೆಳೆಯರು ಇದಕ್ಕೆ ಉತ್ತರ ಹೇಳಲಿ.

ಮ್ಯಾನ್‌ಹೋಲಿಗೆ ಇಳಿದು ಸತ್ತವನ ವಯಸ್ಸಿನ ಪ್ರಶ್ನೆ ಇನ್ನೂ ಕಠಿಣ. ಈ ಕೆಲಸವನ್ನು ನಿಷೇಧಿಸುವ ಕಾನೂನುಗಳು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬಂದವು. ಸುಪ್ರೀಂ ಕೋರ್ಟು 2014ರಲ್ಲಿ ಸತ್ತವನ ಮನೆಗೆ ಹತ್ತು ಲಕ್ಷ ಕೊಡಿ ಎಂದಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಪರಿಹಾರ ಏರಿದೆ, ಇಳಿಯುವುದು ನಿಂತಿಲ್ಲ. ಕಾನೂನು ಇಲ್ಲವೆಂದದ್ದನ್ನು ಮಾಡುತ್ತ ಸಾಯುವವನ ಸಾವಿನಲ್ಲಿ ‘ಮನುಷ್ಯಸ್ಥಿತಿ’ ಎಷ್ಟು, ಗುತ್ತಿಗೆದಾರನ ಪಾಲೆಷ್ಟು?

ಇಂಥ ದೇಶದಲ್ಲಿ ‘ಎಷ್ಟು ಕಾಲ ಬದುಕಬೇಕು’ ಎಂಬ ಪ್ರಶ್ನೆಯನ್ನು ಎತ್ತುವವರು ಎರಡು ಬಗೆ. ಮೊದಲನೆಯವರು ಇನ್ನೂ ಬೇಕು ಅನ್ನುವವರು. ಗಾಂಧೀಜಿ 125 ವರ್ಷ ಬದುಕುವ ಆಸೆಯನ್ನು ಬಹಿರಂಗವಾಗಿ ಹೇಳಿಕೊಂಡಿದ್ದರು. ದೇಶ ರಕ್ತದಲ್ಲಿ ಮುಳುಗಿದಾಗ, 1947ರ ತಮ್ಮ ಹುಟ್ಟುಹಬ್ಬದಂದು, ಆ ಆಸೆ ಹೋಯಿತೆಂದರು. ಅವರ ಆಸೆ ಸೇವೆಗಾಗಿ ಇದ್ದದ್ದು, ಅದನ್ನು ನಾವು ಹೀಗಳೆಯುವುದಿಲ್ಲ. ಈಗಿನ ಅಮೆರಿಕದ ಕೋಟ್ಯಧಿಪತಿಗಳು ಮುಪ್ಪನ್ನೇ ನಿಲ್ಲಿಸುತ್ತೇವೆಂದು ಹಣ ಸುರಿಯುತ್ತಿದ್ದಾರೆ. ಎರಡನೆಯವರು ಸಾಕು ಅನ್ನುವವರು. ಎಜೆಕಿಯಲ್ ಎಮ್ಯಾನುಯೆಲ್ ಎಂಬ ಅಮೆರಿಕದ ವೈದ್ಯ 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ತನಗೆ ಎಪ್ಪತ್ತೈದು ವರ್ಷ ಸಾಕು, ಆಮೇಲೆ ಆಯಸ್ಸು ಎಳೆಯುವ ಚಿಕಿತ್ಸೆ ಬೇಡ ಎಂದು ಬರೆದು ಗದ್ದಲವೆಬ್ಬಿಸಿದರು. ನಮ್ಮಲ್ಲಿ ವೈರಾಗ್ಯದ ಕವಿಗಳು ಇದನ್ನೇ ಬೇರೆ ರಾಗದಲ್ಲಿ ಹಾಡಿದ್ದಾರೆ. ಇನ್ನೂ ಬೇಕು ಅನ್ನುವುದಕ್ಕೂ, ಸಾಕು ಅನ್ನುವುದಕ್ಕೂ ಮೊದಲು ತಟ್ಟೆಯಲ್ಲಿ ಬಡಿಸಿರಬೇಕು.

‘ಸಾಕು’ ಎಂಬ ಮಾತು ನಮ್ಮ ಕೇರಿಯಲ್ಲೂ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ‘ದೇವ್ರು ಇನ್ನೂ ಕಣ್ ಬಿಡ್ಲಿಲ್ಲ, ಸತ್ರೆ ಸಾಕು ಕಣಪ್ಪ’ ಎಂದು ಜಗಲಿಯ ಮೇಲಿನ ಅಜ್ಜಿ ಹೇಳುತ್ತಾಳೆ. ‘ಊರು ಹೋಗು ಅಂತದೆ, ಕಾಡು ಬಾ ಅಂತದೆ’ ಅನ್ನುತ್ತಾಳೆ. ಇದನ್ನು ಜನಪದರ ಸಾವಿನ ತತ್ವವೆಂದು ಬರೆದುಕೊಂಡು ಹೋಗುವ ಸಂಶೋಧಕರಿದ್ದಾರೆ. ಅವರು ಒಂದು ರಾತ್ರಿ ಅಲ್ಲೇ ಉಳಿದಿದ್ದರೆ ತಿಳಿಯುತ್ತಿತ್ತು. ಮಗನಿಗೆ ವಾರದಲ್ಲಿ ಮೂರು ದಿನ ಕೂಲಿ. ಮೊಮ್ಮಕ್ಕಳ ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗುತ್ತಿದೆ. ಅಜ್ಜಿ ‘ಹಸಿವಿಲ್ಲ’ ಅನ್ನುತ್ತಾಳೆ. ಅವಳು ವೈರಾಗ್ಯ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದಾಳೆ. ತನ್ನ ಪಾಲಿನ ಮುದ್ದೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಲೆಕ್ಕ.

ಆ ಲೆಕ್ಕದಲ್ಲಿ ಸರ್ಕಾರದ ಪಾಲೆಷ್ಟು? 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ತಂದಾಗ ತಿಂಗಳಿಗೆ 75 ರೂಪಾಯಿ. ನಂತರ ಅದು 200 ಆಯಿತು. 2011ರಲ್ಲಿ ವಯಸ್ಸನ್ನು 60ಕ್ಕೆ ಇಳಿಸಿ, 80 ದಾಟಿದವರಿಗೆ 500 ಎಂದು ಗೊತ್ತುಮಾಡಿದರು. ಉಳಿದದ್ದನ್ನು ರಾಜ್ಯಗಳು ಸೇರಿಸಿಕೊಡಬೇಕು. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ಮುದುಕರಿಗೆ ದಿಲ್ಲಿಯ ಪಾಲು ಆ 200ರಲ್ಲೇ ನಿಂತಿದೆ. ಎಂಬತ್ತಕ್ಕೆ ಹೆಚ್ಚು ಕೊಡುತ್ತೇವೆ ಅನ್ನುವ ಯೋಜನೆ, ಎಂಬತ್ತು ಮುಟ್ಟುವವರು ಯಾವ ಬೀದಿಯವರು ಎಂದು ಕೇಳಿಕೊಂಡಿತೇ?

2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಗುಣವಾಗದ ರೋಗಿಯನ್ನು ಯಂತ್ರಕ್ಕೆ ಕಟ್ಟಿ ಹಿಂಸಿಸಬಾರದು ಎಂಬುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬಸ್ಸಿನ ಚಾರ್ಜಿಲ್ಲದೆ ಅರ್ಧಕ್ಕೇ ಚಿಕಿತ್ಸೆ ನಿಲ್ಲಿಸಿ ಮನೆಗೆ ಬಂದವಳ ವಿಷಯದಲ್ಲಿ ಆ ಯಂತ್ರವನ್ನು ಯಾರೂ ಕೀಳಬೇಕಾಗಿಲ್ಲ. ಅವಳು ಯಂತ್ರದ ಮುಖ ನೋಡಿದವಳೇ ಅಲ್ಲ.

ಈ ಪ್ರಶ್ನೆಗೆ ನಮ್ಮದೇ ಆದ ಒಂದು ಓದು ಬಹಳ ಹಿಂದೆಯೇ ಸಿಕ್ಕಿದೆ. ನಾವೇ ಅದನ್ನು ಸರಿಯಾಗಿ ಬಳಸಿಕೊಂಡಿಲ್ಲ. ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ? ಶಾಲೆಯಲ್ಲಿ ಕಲಿಸುವ ಕಥೆ ಎಲ್ಲರಿಗೂ ಗೊತ್ತು: ಒಬ್ಬ ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣವನ್ನು ಕಂಡ, ಸನ್ಯಾಸಿಯನ್ನು ಕಂಡ, ರಾತ್ರೋರಾತ್ರಿ ಹೊರಟ. ಅಂಬೇಡ್ಕರ್ ತಮ್ಮ ಕೊನೆಯ ಪುಸ್ತಕ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಈ ಕಥೆಯನ್ನು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸು ಅಲ್ಲಿಯವರೆಗೆ ಮುದುಕನನ್ನೂ ಹೆಣವನ್ನೂ ಕಂಡೇ ಇರಲಿಲ್ಲ ಅಂದರೆ ಬುದ್ಧಿಗೆ ಒಗ್ಗುವ ಮಾತೇ ಎಂದು ಕೇಳಿದರು. ಅದರ ಬದಲು ಅವರು ಮುಂದಿಟ್ಟದ್ದು ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳವನ್ನು. ಯುದ್ಧ ಬೇಡವೆಂದ ಸಿದ್ಧಾರ್ಥ ತನ್ನ ಸಂಘದ ಎದುರು ಒಂಟಿಯಾದ, ದೇಶ ಬಿಟ್ಟ.

ಈ ಬದಲಾವಣೆ ಎಷ್ಟು ದೊಡ್ಡದು ಎಂದು ಯೋಚಿಸಿ. ಹಳೆಯ ಕಥೆಯಲ್ಲಿ ಧರ್ಮ ಹುಟ್ಟುವುದು ಸಾವಿನ ಭಯದಿಂದ. ಅಂಬೇಡ್ಕರರ ಓದಿನಲ್ಲಿ ಅದು ಹುಟ್ಟುವುದು ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದಿಂದ, ಅದೂ ನೀರಿನ ವಿಷಯದಲ್ಲಿ. 1927ರಲ್ಲಿ ಮಹಾಡದ ಕೆರೆಗೆ ಇಳಿದು ನೀರು ಮುಟ್ಟಿದವರು ಅವರು. ಅವರಿಗೆ ಸಾವು ಗೊತ್ತಿರಲಿಲ್ಲವೇ? ಐದು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಮಣ್ಣು ಮಾಡಿದ ತಂದೆ ಅವರು. ವೈರಾಗ್ಯದ ದಾರಿ ಹಿಡಿಯಲು ಅವರಿಗಿಂತ ಹೆಚ್ಚು ಕಾರಣ ಯಾರಿಗಿತ್ತು? ಹಿಡಿಯಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದೀಕ್ಷೆ ತೆಗೆದುಕೊಂಡರು. ಐವತ್ಮೂರು ದಿನ ಬದುಕಿದರು. ಪುಸ್ತಕ ಅಚ್ಚಾಗಿ ಬಂದದ್ದು ಮರುವರ್ಷ.

ಆದ್ದರಿಂದ ನಮ್ಮ ವಿಮರ್ಶೆಯ ಅಳತೆಗೋಲು ಇಲ್ಲಿಂದ ಬರಬೇಕು. ಸಾವಿನ ಬಗ್ಗೆ ಬರೆದ ಯಾವ ಕೃತಿಯೇ ಇರಲಿ, ಮೂರು ಪ್ರಶ್ನೆ ಕೇಳೋಣ. ಸತ್ತವರು ಯಾರು? ಎಷ್ಟನೇ ವಯಸ್ಸಿಗೆ, ಯಾತರಿಂದ? ಗುಂಡಿ ತೋಡಿದವರು, ತಮಟೆ ಬಡಿದವರು, ಸಾವಿನ ಸುದ್ದಿ ಹೊತ್ತು ಊರೂರು ನಡೆದವರು ಯಾರು, ಕೃತಿಯಲ್ಲಿ ಅವರಿದ್ದಾರೆಯೇ? ಊರಿನವರ ಸಾವಿಗೆಲ್ಲ ನಮ್ಮವರು ಬಿಟ್ಟಿ ದುಡಿದಿದ್ದಾರೆ. ಸಾವನ್ನು ಅವರಷ್ಟು ಹತ್ತಿರದಿಂದ ಕಂಡವರು ಯಾವ ಮಠದಲ್ಲೂ ಇಲ್ಲ.

ಅಳತೆಗೋಲನ್ನು ನಮ್ಮ ಮೇಲೂ ಇಟ್ಟುಕೊಳ್ಳದಿದ್ದರೆ ಅದು ಪ್ರಾಮಾಣಿಕವಾಗುವುದಿಲ್ಲ. ಬಂಡಾಯದವರಾದ ನಾವು ಸಾವನ್ನು ಹೇಗೆ ಬರೆದೆವು? ನೆತ್ತರು, ಬೆಂಕಿ, ಹುತಾತ್ಮ. ನಮ್ಮ ನಾಯಕ ಇಪ್ಪತ್ತೈದಕ್ಕೆ ಗುಂಡಿಗೆ ಎದೆಯೊಡ್ಡಿ ಸಾಯಬೇಕು. ಅವನು ಬದುಕಿ ಅರವತ್ತಾಗಿ ಮಂಡಿನೋವಿನಿಂದ ಕೂತರೆ ನಮಗೆ ಕವನ ಹುಟ್ಟುವುದಿಲ್ಲ. ಅವ್ವನ ಸುಕ್ಕುಗಟ್ಟಿದ ಮುಖ ನಮಗೆ ಪ್ರತಿಮೆಯಾಯಿತು. ಆ ಮುಖದ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಬೇಕಿತ್ತು ಎಂಬುದು ಕವನದಲ್ಲಿ ಬರಲಿಲ್ಲ. ನವ್ಯರು ಸಾವನ್ನು ತತ್ವ ಮಾಡಿದರು ಎಂದು ದೂರಿದ ನಾವು ಸಾವನ್ನು ಘೋಷಣೆ ಮಾಡಿದೆವು. ಮುಪ್ಪು ಎರಡು ಕಡೆಯೂ ಅನಾಥವಾಯಿತು.

ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು 1997ರಲ್ಲಿ ಐವತ್ತೆಂಟಕ್ಕೆ ಹೋದರು. ಡಿ. ಆರ್. ನಾಗರಾಜ್ 1998ರಲ್ಲಿ ನಲವತ್ನಾಲ್ಕಕ್ಕೆ. ಸಿದ್ಧಲಿಂಗಯ್ಯನವರನ್ನು 2021ರ ಜೂನ್‌ನಲ್ಲಿ ಕೊರೊನಾ ಒಯ್ಯಿತು, ಆಗ ಅವರಿಗೆ ಅರವತ್ತೇಳು. ಇವರೆಲ್ಲ ಸಂಬಳ ಬರುತ್ತಿದ್ದವರು, ಹೆಸರು ಪಡೆದವರು. ಇವರ ಜೊತೆ ಜಾಥಾಗಳಲ್ಲಿ ತಮಟೆ ಹಿಡಿದು ನಡೆದ ಹೆಸರಿಲ್ಲದವರು ಈಗ ಎಲ್ಲಿದ್ದಾರೆ? ಬದುಕಿದ್ದಾಗ ಒಂದು ಸಲ ಹೋಗಿ ‘ಹೆಂಗಿದ್ದೀಯಣ್ಣ’ ಎಂದು ಕೇಳದ ನಾವು ಸತ್ತಾಗ ಹಾರ ಹಿಡಿದು ಹೋಗುತ್ತೇವೆ. ಚಳವಳಿಗೆ ಹಾರದ ಅಭ್ಯಾಸ ಆಗಿಬಿಟ್ಟಿದೆ.

ನಾವು ಅಮರತ್ವ ಕೇಳುತ್ತಿಲ್ಲ, ವೈರಾಗ್ಯದ ಪಾಠವೂ ನಮಗೆ ಬೇಡ. ಮುದುಕರಾಗುವ ಹಕ್ಕು ಬೇಕು. ತಲೆ ತನ್ನ ಕಾಲಕ್ಕೆ ನರೆಯಬೇಕು. ಹಲ್ಲು ತನ್ನ ಕಾಲಕ್ಕೆ ಉದುರಬೇಕು. ಮಗನ ಹೆಗಲ ಮೇಲೆ ಅಪ್ಪ ಹೋಗಬೇಕು, ಅಪ್ಪನ ಹೆಗಲ ಮೇಲೆ ಮಗ ಹೋಗಬಾರದು. ‘ಹಸಿವಿಲ್ಲ’ ಎಂದು ಅಜ್ಜಿ ಹೇಳಿದರೆ ಅದು ನಿಜವಾಗಿಯೂ ಹೊಟ್ಟೆ ತುಂಬಿದ್ದಕ್ಕೆ ಆಗಿರಬೇಕು. ಆಮೇಲೆ ಬೇಕಾದರೆ ನಶ್ವರತೆಯ ಬಗ್ಗೆ ನಾವೂ ಕೂತು ಮಾತಾಡುತ್ತೇವೆ. ಅವರಿಗಿಂತ ಚೆನ್ನಾಗಿಯೇ ಮಾತಾಡುತ್ತೇವೆ.

ಕೊನೆಗೆ ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ಕೇರಿಯಲ್ಲಿ ಅರವತ್ತು ದಾಟಿದವರು ಎಷ್ಟು ಜನ ಇದ್ದಾರೆ, ಊರಿನಲ್ಲಿ ಎಷ್ಟು ಜನ ಇದ್ದಾರೆ, ಮನೆಮನೆಗೆ ಹೋಗಿ ಎಣಿಸಿ. ಹೋದ ಐದು ವರ್ಷದಲ್ಲಿ ಸತ್ತವರು ಯಾರು, ಎಷ್ಟನೇ ವಯಸ್ಸಿಗೆ, ಯಾತರಿಂದ ಎಂದು ಬರೆದುಕೊಳ್ಳಿ. ಅಜ್ಜಿಗೆ ಇಸವಿ ಗೊತ್ತಿಲ್ಲದಿದ್ದರೆ ಯಾವ ಬರಗಾಲದಲ್ಲಿ ಮದುವೆಯಾಯಿತು, ಯಾವ ಮಳೆಯಲ್ಲಿ ಮೊದಲ ಮಗು ಹುಟ್ಟಿತು ಎಂದು ಕೇಳಿ, ವಯಸ್ಸು ತಾನಾಗಿ ಸಿಗುತ್ತದೆ. ಪಟ್ಟಿ ಹಿಡಿದುಕೊಂಡು ಅಜ್ಜಿಯ ಜೊತೆ ತಾಲ್ಲೂಕು ಕಚೇರಿಗೆ ನೀವೂ ಹೋಗಿ. ಗುಮಾಸ್ತ ‘ವಯಸ್ಸೆಷ್ಟಮ್ಮ’ ಎಂದಾಗ ಅವಳು ‘ನೀನೇ ಬರ್ಕೋ’ ಅನ್ನದಂತಾಗಲಿ. ಅವಳ ವಯಸ್ಸನ್ನು ಅವಳೇ ಹೇಳಲಿ.